ಔರಾದದ ಬಾಣಂತಿ

ಮುಂಬೈಯಲ್ಲಿ ನಾನು ಏನು ಓದುತ್ತಿದ್ದೇನೆ ಎಂಬುದನ್ನು ಭಾಲ್ಕಿಯ ನಮ್ಮ ಓಣಿಯವರಿಗೆ ತಿಳಿಸಿ ಹೇಳಲು ಕೊನೆಯವರೆಗೂ ನನ್ನಿಂದ ಆಗಲಿಲ್ಲ. ನರ್ಸ್ ಅಲ್ಲ ಎಂದರೆ ಹಾಗಾದರೆ ಡಾಕ್ಟರೇ ಎಂದುಕೊಳ್ಳುತ್ತಿದ್ದರು. ಡಾಕ್ಟರೂ ಅಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಫಿಜಿಯೋಥೆರಪಿ ಎಂಬ ಶಬ್ದವನ್ನು ಅಪ್ಪನೊಬ್ಬನೇ ಬಾಯಿಪಾಠ ಮಾಡಿಕೊಂಡಿದ್ದ. ರೈಲು ಹಳಿ ದುರಸ್ತಿಯ ಗ್ಯಾಂಗಿನಲ್ಲಿ ಅವನ ಕೆಲಸ. ಜೊತೆಗಾರರು ಕೇಳಿದಾಗಲೆಲ್ಲ ಆ ಶಬ್ದವನ್ನು ಒಂದೊಂದು ಸಲ ಒಂದೊಂದು ಬಗೆಯಾಗಿ ಹೇಳುತ್ತಿದ್ದ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಮೊದಲ ರಜೆಗೆ ಬಂದಾಗ ಆಯಿ ನನ್ನ ಎರಡೂ ಅಂಗೈಗಳನ್ನು ಹಿಡಿದು ತಿರುವಿ ನೋಡಿದಳು.

“ಬಿದ್ದ ಕೈಕಾಲಿಗಿ ಮಾಲೀಷ್ ಮಾಡೋದು ಕಲೀಲಾಕ ಅಷ್ಟ ದೂರ ಹೋಗಬೇಕೇನ?”

“ಬರೇ ಮಾಲೀಷ್ ಅಲ್ಲ ಆಯಿ. ಬಿದ್ದ ಕಾಲಿಗಿ ಮತ್ತ ನಡಿಯೋದು ಕಲಿಸೋದು.”

“ಕಾಲಿಗಿ ಕಲಿಸ್ತಿ?”

“ಹೂಂ. ಕಾಲಿಗೇ.”

ಆಯಿ ನಕ್ಕಳು. ಅವಳು ಸೂಲಗಿತ್ತಿ. ಭಾಲ್ಕಿಯಲ್ಲೂ ಸುತ್ತಲ ಹಳ್ಳಿಗಳಲ್ಲೂ ದೊಡ್ಡ ಮನೆತನದ ಎಷ್ಟೋ ಮಂದಿಯನ್ನು ಈ ಲೋಕಕ್ಕೆ ಎಳೆದುಕೊಂಡ ಕೈಗಳು ಅವಳವು. ಹೆರಿಗೆಯ ನೋವು ಎದ್ದಾಗ ಆ ಮನೆಗಳ ಹಿಂಬಾಗಿಲು ಅವಳಿಗೆ ತೆರೆಯುತ್ತಿತ್ತು. ಕೂಸು ಅತ್ತು, ಹೊಕ್ಕುಳಬಳ್ಳಿ ಕತ್ತರಿಸಿ, ಬಾಣಂತಿಗೆ ನೀರು ಹಾಕಿದ ಮೇಲೆ ಅದೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಅವಳು ಕೂತಿದ್ದ ಜಾಗವನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ನಾವು ಊರ ಹೊರಗಿನ ಓಣಿಯವರು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಕಳಚಿ ಮೈಸೂರು ರಾಜ್ಯಕ್ಕೆ ಸೇರಿತು. ಮಾಸ್ತರರು ಗೋಡೆಯ ನಕಾಶೆ ಇಳಿಸಿ ಬೇರೆಯದನ್ನು ತೂಗುಹಾಕಿದರು. ಅದರಲ್ಲಿ ನಮ್ಮ ಬೀದರ್ ಎಲ್ಲಕ್ಕಿಂತ ಮೇಲೆ, ತಲೆಯ ಮೇಲಿನ ರುಮಾಲಿನ ಹಾಗೆ ಕೂತಿತ್ತು. ಅದೇ ವರ್ಷ ಬೌದ್ಧ ದೀಕ್ಷೆಗೆಂದು ನಾಗಪುರಕ್ಕೆ ಹೋಗಿದ್ದ ದೊಡ್ಡಪ್ಪ ಬಿಳಿ ಬಟ್ಟೆ ಉಟ್ಟು ತಿರುಗಿ ಬಂದ. ಮನೆಯ ಮಾಡದಲ್ಲಿದ್ದ ದೇವರುಗಳನ್ನೆಲ್ಲ ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಟ್ಟು, ಬುದ್ಧನ ಒಂದು ಚಿತ್ರ ತಂದಿಟ್ಟ. ಇನ್ನು ಮುಂದೆ ಯಾರಾದರೂ ಕೇಳಿದರೆ ಬೌದ್ಧರು ಅನ್ನಬೇಕು ಎಂದು ನಮಗೆಲ್ಲ ಹೇಳಿಕೊಟ್ಟ. ರಾಜ್ಯವೂ ಬೇರೆಯಾಯಿತು, ಹೆಸರೂ ಬೇರೆಯಾಯಿತು. ಊರ ಬಾವಿಗೆ ನಾವು ಹೋಗುವ ದಾರಿ ಮಾತ್ರ ಮೊದಲಿನಂತೆಯೇ ಸುತ್ತು ಬಳಸಿಕೊಂಡೇ ಇತ್ತು.

ಬೀದರಿನಲ್ಲಿ ವಿಜ್ಞಾನ ಓದಿ ಮುಗಿಸಿದ ಮೇಲೆ ಡಾಕ್ಟರಿಕೆಗೆ ಸೀಟು ಸಿಗಲಿಲ್ಲ. ಮುಂಬೈಯ ಪರೇಲಿನ ಬಟ್ಟೆ ಗಿರಣಿಯಲ್ಲಿದ್ದ ಕಾಕಾ, ಅಲ್ಲಿ ಇಂಥದೊಂದು ಹೊಸ ಪದವಿ ಇದೆ, ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ ಎಂದು ಹೇಳಿ ಕಳಿಸಿದ. ಅಪ್ಪನ ರೈಲ್ವೆ ಪಾಸಿನಲ್ಲಿ, ದಾರಿಯಲ್ಲಿ ಗಾಡಿ ಬದಲಿಸುತ್ತ, ಟ್ರಂಕು ಹೊತ್ತುಕೊಂಡು ಹೋದೆ.

ಮೊದಲ ವರ್ಷ ಹೆಣ ಕೊಯ್ಯುವ ಕೋಣೆಯಲ್ಲಿ ನನಗೆ ಹೆದರಿಕೆಯಾಗಲಿಲ್ಲ. ಸತ್ತವರು ಯಾರನ್ನೂ ಏನೂ ಕೇಳುವುದಿಲ್ಲ. ಹೆದರಿಕೆಯಾದದ್ದು ಬದುಕಿದ್ದವರ ಮೈ ಮುಟ್ಟುವ ತರಗತಿಯಲ್ಲಿ. ನಮ್ಮನ್ನು ಇಬ್ಬಿಬ್ಬರನ್ನಾಗಿ ಜೋಡಿ ಮಾಡಿದರು. ಒಬ್ಬಳು ಮೇಜಿನ ಮೇಲೆ ಮಲಗಬೇಕು, ಇನ್ನೊಬ್ಬಳು ಅವಳ ಭುಜ, ಬೆನ್ನು, ತೊಡೆಯ ಸ್ನಾಯುಗಳನ್ನು ಬೆರಳಿನಿಂದ ಹುಡುಕಿ ಹೆಸರು ಹೇಳಬೇಕು. ನನ್ನ ಜೋಡಿಯಾಗಿ ಬಂದವಳು ಪುಣೆಯವಳು. ಅವಳ ಮನೆತನ ಎಂಥದ್ದೆಂದು ಅಡ್ಡಹೆಸರೇ ಹೇಳುತ್ತಿತ್ತು. ಅವಳು ನಿಶ್ಚಿಂತೆಯಿಂದ ಮಲಗಿ ಕಣ್ಣು ಮುಚ್ಚಿ, ಶುರು ಮಾಡು ಅಂದಳು. ನನ್ನ ಕೈ ಗಾಳಿಯಲ್ಲೇ ನಿಂತಿತು. ನಾಚಿಕೆ ಇರಬೇಕೆಂದು ತಿಳಿದ ನಮ್ಮ ಮೇಡಂ ಹತ್ತಿರ ಬಂದರು. “ಮುಟ್ಟುವ ಮೊದಲು ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊ. ತಣ್ಣನೆಯ ಕೈ ತಾಗಿದರೆ ರೋಗಿಯ ಮೈ ಬಿಗಿದುಕೊಳ್ಳುತ್ತದೆ” ಅಂದರು. ಉಳಿದ ಹುಡುಗಿಯರು ಸುಮ್ಮನೆ ಶಾಸ್ತ್ರಕ್ಕೆ ತಿಕ್ಕಿಕೊಂಡರು. ನಾನು ತುಂಬ ಹೊತ್ತು ತಿಕ್ಕುತ್ತ ನಿಂತಿದ್ದೆ.

ಪುಣೆಯ ಆ ಹುಡುಗಿ ನನ್ನನ್ನು ಏನೂ ಕೇಳಲಿಲ್ಲ. ಓದು ಮುಗಿಯುವವರೆಗೂ ಅವಳ ಬೆನ್ನುಮೂಳೆಯ ಮೇಲೆಯೇ ನಾನು ಪಾಠ ಕಲಿತೆ.

ಎರಡನೆಯ ವರ್ಷ ಮುಗಿದ ಬೇಸಿಗೆ. ರಜೆಯಲ್ಲಿ ಸುಮ್ಮನೆ ಕೂತರೆ ಕಲಿತದ್ದು ಮರೆತುಹೋಗುತ್ತದೆ ಎಂಬ ಅಂಜಿಕೆಯಿಂದ ಬೀದರಿನ ದವಾಖಾನೆಗೆ ಹೋಗಿ ಕೇಳಿದೆ. ಅಲ್ಲೊಬ್ಬರು ವಯಸ್ಸಾದ ಡಾಕ್ಟರಿದ್ದರು. ಹೈದರಾಬಾದಿನಲ್ಲಿ ಉರ್ದುವಿನಲ್ಲೇ ವೈದ್ಯ ಕಲಿತವರು. ಮೈಸೂರು ಸರ್ಕಾರ ಬಂದ ಮೇಲೆ ಕನ್ನಡದಲ್ಲಿ ಸಹಿ ಮಾಡಲು ಕಲಿತಿದ್ದರು. ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು.

“ಬೇಟೀ, ಇಲ್ಲಿ ಮಷೀನ್ ಇಲ್ಲ, ಮೇಜಿಲ್ಲ, ನಿನಗ ಕಲಿಸಾವ್ರೂ ಇಲ್ಲ. ಆದ್ರ ಒಬ್ಬಾಕಿ ಪೇಶಂಟ್ ಇದ್ದಾಳ. ನೋಡ್ತಿ ಏನು?”

ಹೆಂಗಸರ ವಾರ್ಡಿನ ಮೂಲೆಯ ಮಂಚದ ಮೇಲೆ ಅವಳಿದ್ದಳು. ನನಗಿಂತ ಚಿಕ್ಕವಳು. ಔರಾದದ ಹತ್ತಿರದ ಒಂದು ಹಳ್ಳಿಯ ಕುರಿ ಸಾಕುವ ಮನೆಯ ಸೊಸೆ. ಚೊಚ್ಚಲ ಹೆರಿಗೆಯಾಗಿ ಇನ್ನೂ ಬಾಣಂತನದಲ್ಲಿದ್ದಾಗಲೇ ತಲೆನೋವೆಂದು ಒದ್ದಾಡಿ ಮೂರ್ಛೆ ಬಿದ್ದಿದ್ದಳು. ಎಚ್ಚರಾದಾಗ ಎಡಗೈ ಎಡಗಾಲು ಅವಳ ಮಾತು ಕೇಳುತ್ತಿರಲಿಲ್ಲ. ಲಕ್ವಾ ಹೊಡೆದಿದೆ ಎಂದು ಊರವರು ಯಾರ್ಯಾರದೋ ಎಣ್ಣೆ ಹಚ್ಚಿ, ತಾಯಿತ ಕಟ್ಟಿಸಿ, ಏನೂ ಆಗದೆ ಇಲ್ಲಿಗೆ ತಂದಿದ್ದರು. ತಂದವಳು ಅತ್ತೆ. ಗಂಡ ಸತ್ತವಳು, ಎತ್ತರದ, ಬಿಸಿಲಿಗೆ ಕಪ್ಪಾದ ಹೆಂಗಸು. ಮಗ ಕುರಿ ಹಿಂಡಿನ ಹಿಂದೆ ಮೇವು ಹುಡುಕಿಕೊಂಡು ಎಲ್ಲೋ ದೂರ ಹೋಗಿದ್ದ. ಈಕೆಯೇ ಸೊಸೆಯನ್ನು ಬಂಡಿಯಲ್ಲಿ ಔರಾದಕ್ಕೆ, ಅಲ್ಲಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಬೀದರಿಗೆ ತಂದಿದ್ದಳು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಅರಳೆ ಬತ್ತಿಯಿಂದ ಆಡಿನ ಹಾಲು ಚೀಪಿಸುತ್ತ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು.

“ತಾಯಿ ಹಾಲು ಯಾಕ ಕೊಡವಲ್ರಿ, ದೊಡ್ಡವ್ವ?” ಎಂದು ಕೇಳಿದೆ.

“ಲಕ್ವಾದ ಹಾಲು ಕೂಸಿಗಿ ಬ್ಯಾಡ ಅಂದಾರ್ರಿ ಮಂದಿ.”

ನಾನು ಅಂಗೈ ತಿಕ್ಕಿಕೊಂಡು ಆ ಬಾಣಂತಿಯ ಎಡಗೈ ಎತ್ತಿಕೊಂಡೆ. ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅವಳು ಕಣ್ಣನ್ನು ಮಾಡಿನ ಕಡೆಗೇ ನೆಟ್ಟಿದ್ದಳು. ಆ ಕೈ ತನ್ನದಲ್ಲ, ಯಾರೋ ತಂದು ಹಾಸಿಗೆಯಲ್ಲಿಟ್ಟು ಹೋದದ್ದು ಎನ್ನುವಂತಿದ್ದಳು. ನಮ್ಮ ಪುಸ್ತಕದಲ್ಲಿ ಇದೇ ಮಾತು ಇತ್ತು. ಪುಸ್ತಕದಲ್ಲಿ ಓದುವಾಗ ಅದು ಒಂದು ಸಾಲು, ಅಷ್ಟೇ. ಇಲ್ಲಿ ಅದು ಒಬ್ಬಳ ಮುಖ.

ದಿನವೂ ಬೆಳಗಿನ ರೈಲಿಗೆ ಭಾಲ್ಕಿಯಿಂದ ಬೀದರಿಗೆ ಬರತೊಡಗಿದೆ. ಭುಜ ಇಳಿದುಬೀಳದಂತೆ ಕೈ ಕೆಳಗೆ ದಿಂಬು ಇಡುವುದು, ಮಗ್ಗುಲು ಬದಲಿಸುವುದು, ಒಂದೊಂದೇ ಕೀಲನ್ನು ನಿಧಾನವಾಗಿ ಮಡಚಿ ಬಿಡಿಸುವುದು. ಮಾಡುವಾಗ ಅವಳೂ ಮನಸ್ಸಿನಲ್ಲಿ ಕೈಗೆ ಹೇಳುತ್ತಿರಬೇಕು, ಮಡಚು, ಬಿಚ್ಚು ಎಂದು. ಇಂಗ್ಲಿಷಿನಲ್ಲಿ ಕಲಿತದ್ದನ್ನು ಅವಳಿಗೆ ಹೇಳುವುದು ಹೇಗೆಂದು ರೈಲಿನಲ್ಲಿ ಕೂತು ಯೋಚಿಸುತ್ತಿದ್ದೆ. ಸ್ನಾಯುವಿಗೆ ಅವಳು ನಸ ಅನ್ನುತ್ತಿದ್ದಳು, ನರಕ್ಕೂ ನಸವೇ. ಇರಲಿ ಎಂದು ನಾನೂ ಹಾಗೇ ಅಂದೆ.

ಡಾಕ್ಟರನ್ನು ಕೇಳಿದೆ. ಹಾಲಿಗೂ ಲಕ್ವಾಕ್ಕೂ ಸಂಬಂಧವಿಲ್ಲ, ಕೊಡಲಿ ಎಂದು ಅವರು ವಾರ್ಡಿಗೇ ಬಂದು ಅತ್ತೆಗೆ ಹೇಳಿದರು. ಅತ್ತೆ ಒಪ್ಪಿದಳೋ ಇಲ್ಲವೋ, ಎದುರು ಮಾತಾಡಲಿಲ್ಲ. ಬಾಣಂತಿಯನ್ನು ಗೋಡೆಗೆ ಆನಿಸಿ ಕೂರಿಸಿ, ಬಿದ್ದ ಕೈಯ ಕೆಳಗೆ ಮಡಚಿದ ಕಂಬಳಿ ಇಟ್ಟು, ಆ ತೋಳಿನ ಮೇಲೆ ಕೂಸನ್ನು ಮಲಗಿಸಿದೆ. ಕೂಸು ಜಾರದಂತೆ ನನ್ನ ಕೈಯನ್ನು ಅವಳ ಕೈ ಕೆಳಗಿಟ್ಟು ಹಿಡಿದುಕೊಂಡೆ. ಕೂಸು ತಡಕಾಡಿತು, ಸಿಟ್ಟಿಗೆದ್ದು ಅತ್ತಿತು, ಮತ್ತೆ ತಡಕಾಡಿತು. ಕೊನೆಗೆ ಬಾಯಿಗೆ ಸಿಕ್ಕಿತು. ಹಾಲು ಇನ್ನೂ ಪೂರ್ತಿ ಬತ್ತಿರಲಿಲ್ಲ. ಅವಳು ಅಂದು ಮೊದಲ ಸಲ ತನ್ನ ಎಡಗೈಯನ್ನು ತಿರುಗಿ ನೋಡಿದಳು.

“ಅಕ್ಕಾ, ಕೂಸು ವಜ್ಜಿ ಅದ ಅಂತ ಗೊತ್ತಾಗ್ಲತದ,” ಅಂದಳು. ತೋಳಿನ ಮೇಲಿನ ಭಾರ ಅವಳಿಗೆ ತಿಳಿಯುತ್ತಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೂಸು ಕುಡಿದು ಮಲಗಿದ ಮೇಲೆ ನನ್ನ ಕಡೆ ತಿರುಗಿ, ತುಂಬ ಪ್ರೀತಿಯಿಂದಲೇ ಕೇಳಿದಳು.

“ನಿಂದು ಯಾ ಊರವ್ವಾ? ಯಾರ ಮಂದಿ ನೀವು?”

“ಭಾಲ್ಕಿರಿ. ಬೌದ್ಧರು.”

“ಅಂದ್ರ? ಜೈನರ ಹಾಂಗೇನು?”

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ನನ್ನನ್ನು ಅಷ್ಟು ದೂರ ಕಳಿಸಿದ್ದು ಹೂಂ ಅನ್ನುವುದಕ್ಕಲ್ಲ ಎಂದು ಯಾಕೋ ಅನ್ನಿಸಿತು. “ಅಲ್ರಿ. ನಮ್ಮ ಆಯಿ ಸೂಲಗಿತ್ತಿ. ನಾವು ಊರ ಹೊರಗಿನ ಓಣಿಯವರು,” ಅಂದೆ.

ಅತ್ತೆ ಮಲಗಿದ್ದ ಕೂಸನ್ನು ನನ್ನ ಪಕ್ಕದಿಂದ ಮೆಲ್ಲಗೆ ಎತ್ತಿಕೊಂಡಳು.

ಮರುದಿನ ಹೋದಾಗ ಆ ಮಂಚದ ಮೇಲೆ ಬೇರೊಬ್ಬಳು ಮಲಗಿದ್ದಳು. “ಕರ್ಕೊಂಡು ಹೋದ್ರು ಬೇಟೀ. ಇರ್ರಿ ಅಂದೆ, ಕೇಳಲಿಲ್ಲ. ಮಳಿ ಬರ್ತದ, ಹೊಲದ ಕೆಲಸ ಅದ ಅಂದಳು ಮುದುಕಿ,” ಎಂದರು ಡಾಕ್ಟರು. ಮಳೆಗಾಗಿ ಹೋದರೋ, ನನ್ನಿಂದಾಗಿ ಹೋದರೋ, ನನಗೆ ಇಂದಿಗೂ ಖಚಿತವಿಲ್ಲ. ಹೊಲದ ಕೆಲಸ ಇದ್ದದ್ದೂ ಸುಳ್ಳಲ್ಲ.

ನಾನು ಅವರ ಹಳ್ಳಿಗೆ ಹೋಗುತ್ತೇನೆ ಎಂದಾಗ ಅಪ್ಪ ಬೇಡವೆಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಯಿ ಮಾತ್ರ, “ಕರೀಲಾರದ ಮನೀಗಿ ನಾ ಎಂದೂ ಹೋದಾಕಿ ಅಲ್ಲ,” ಅಂದಳು. ಆಮೇಲೆ, “ಹೋಗ್ತೀ ಅಂದ್ರ ಹೊಟ್ಟಿ ತುಂಬ ಉಂಡು ಹೋಗು. ಅಲ್ಲಿ ಏನೂ ಕೇಳಬ್ಯಾಡ,” ಅಂದಳು.

ಬೀದರಿನಿಂದ ಔರಾದಕ್ಕೆ ಬಸ್ಸು. ಔರಾದದಲ್ಲಿ ಇಳಿದು ಕೇಳುತ್ತ ಕೇಳುತ್ತ ನಡೆದು ಹಳ್ಳಿ ಸೇರಿದಾಗ ಮಧ್ಯಾಹ್ನವಾಗಿತ್ತು. ಮಣ್ಣಿನ ಗೋಡೆಯ ದೊಡ್ಡ ಮನೆ. ಅಂಗಳದಲ್ಲಿ ಖಾಲಿ ಕುರಿದೊಡ್ಡಿ. ಅತ್ತೆ ನನ್ನನ್ನು ಕಂಡು ಬೆಚ್ಚಿದಳು. ಬೈಯಲಿಲ್ಲ. ಬಿಸಿಲಲ್ಲಿ ಬಂದೀಯಲ್ಲವ್ವಾ ಎಂದು ತಂಬಿಗೆ ತಂದು, ಎತ್ತರದಿಂದ ನನ್ನ ಬೊಗಸೆಗೆ ನೀರು ಸುರಿದಳು. ಕುಡಿದೆ.

“ಒಳಗ ಬ್ಯಾಡ ತಂಗಿ. ಮಂದಿ ನೋಡ್ತಾರ. ನಾ ಒಬ್ಬಾಕಿ ಹೆಂಗಸು, ನಾಳಿಗಿ ಊರಾಗ ಇರಬೇಕು.”

“ನಾ ಬರಂಗಿಲ್ರಿ. ಆಕಿ ಹ್ಯಾಂಗ ಇದ್ದಾಳ?”

ಅವಳು ಉತ್ತರ ಕೊಡುವ ಮೊದಲೇ ಕತ್ತಲೆ ಕೋಣೆಯೊಳಗಿಂದ ದನಿ ಬಂತು. “ಅಕ್ಕಾ? ಅಕ್ಕನ ದನಿ ಹಾಂಗ ಅದಲ್ಲ?”

ಆಗ ನಾನು ಹೊಸ್ತಿಲಿನ ಹೊರಗೆ ನಿಂತೇ ಹೇಳತೊಡಗಿದೆ. ಒಳಗೆ ಅತ್ತೆ ತನ್ನ ಕೈಯಿಂದ ಮಾಡಬೇಕು. ಒಂದು ಕೈ ಭುಜದ ಕೆಳಗೆ ಇಡ್ರಿ. ಇನ್ನೊಂದು ಕೈಲಿ ಮಣಿಕಟ್ಟು ಹಿಡೀರಿ. ಜಗ್ಗಬ್ಯಾಡ್ರಿ. ಸಾವಕಾಶ ಎತ್ರಿ. ನನಗೆ ಏನೂ ಕಾಣುತ್ತಿರಲಿಲ್ಲ. ಬಳೆಗಳ ಸದ್ದು, ಮಂಚದ ಕಿರುಗುಟ್ಟುವಿಕೆ, ಇಬ್ಬರ ಉಸಿರು ಇಷ್ಟೇ ಕೇಳಿಸುತ್ತಿತ್ತು. ನೋವು ಅಂದಳು ಸೊಸೆ. ಮೊಣಕೈ ಮಡಚಿರಬೇಕು, ಬಿಡಿಸ್ರಿ ಅಂದೆ. ಹೀಗೆಯೇ ಭುಜ, ಮೊಣಕೈ, ಬೆರಳು, ಆಮೇಲೆ ಕಾಲು. ಹಾದುಹೋಗುತ್ತಿದ್ದ ಇಬ್ಬರು ಗಂಡಸರು ನಿಂತು ನೋಡಿದರು. ಬಾಗಿಲಿಗೆ ಪಾಠ ಹೇಳುತ್ತಿದ್ದ ಹುಡುಗಿಯ ಹಾಗೆ ಕಂಡಿರಬೇಕು ನಾನು.

“ಅತ್ತೀ ಕೈ ನಿನ್ನ ಕೈಯಾಂಗ ಇಲ್ಲಕ್ಕಾ,” ಅಂದಳು ಅವಳು ಒಳಗಿನಿಂದ.

“ಕಲೀತಾರ. ದಿನಾ ಮಾಡ್ರಿ.”

ಮನೆಯವರಿಗೆ ಕಲಿಸಿಕೊಡುವುದೂ ನಿಮ್ಮ ಕೆಲಸವೇ, ಅದರಲ್ಲೇ ಅರ್ಧ ಗುಣ ಎಂದು ಮೇಡಂ ಹೇಳುತ್ತಿದ್ದದ್ದು ನಿಜ. ಆದರೆ ಬಾಗಿಲ ಹೊರಗೆ ನಿಂತು ಕಲಿಸುವುದನ್ನು ಅವರು ಹೇಳಿಕೊಟ್ಟಿರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮನೆಗೆ ಬಂದು ಆಯಿಯ ಮುಂದೆ ಎಲ್ಲವನ್ನೂ ಹೇಳಿದೆ. ಇಂಥ ಮನೆಗಳಲ್ಲಿ ಇಷ್ಟು ವರ್ಷ ನಿನಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ.

“ಬಂತವ್ವಾ. ಬರಲಾರದೇನು? ಆದ್ರ ಕೂಸು ಅರ್ಧ ಹೊರಗ ಬಂದಾಗ ಸಿಟ್ಟು ಮಾಡ್ಕೋತ ಕೂಡಲಾಕ ಆಗ್ತದೇನು?”

ಅಷ್ಟೇ ಹೇಳಿ ಎಲೆಯಡಿಕೆಯ ಚೀಲ ಬಿಚ್ಚಿದಳು.

ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ನಮ್ಮ ಓಣಿಯ ಬಾಯಲ್ಲಿ ಗದ್ದಲ. ಸ್ಟೇಷನ್ನಿನಲ್ಲಿ ಅಪ್ಪನ ಗ್ಯಾಂಗಿನವರನ್ನು, ಮುಂಬೈಯಲ್ಲಿ ಕಲಿಯುವ ಹುಡುಗಿಯ ಮನೆ ಯಾವುದು ಎಂದು ಕೇಳಿಕೊಂಡು ಒಬ್ಬ ಬಂದಿದ್ದ. ಕಂಬಳಿ ಹೊದ್ದ, ತಲೆಗೆ ರುಮಾಲು ಸುತ್ತಿದ ತರುಣ. ಬೆನ್ನ ಮೇಲೆ ಹೆಂಡತಿಯನ್ನು ಹೊತ್ತಿದ್ದ. ಎದೆಗೆ ಕಟ್ಟಿದ ಜೋಳಿಗೆಯಲ್ಲಿ ಕೂಸು. ನಮ್ಮ ಅಂಗಳದಲ್ಲಿ ಅವಳನ್ನು ಇಳಿಸಿ, ನಿಂತೇ ಮಾತಾಡಿದ.

“ಕುರಿ ತಮ್ಮಗ ಒಪ್ಪಿಸಿ ಬಂದೀನ್ರಿ. ಇಕಿ ಊಟ ಬಿಟ್ಟು ಕೂತಾಳ. ಆ ಅಕ್ಕನ ಬಲ್ಲಿ ಒಯ್ಯಿ, ಇಲ್ಲಂದ್ರ ಸಾಯ್ತೀನಿ ಅಂತಾಳ. ಅವ್ವ ಬೈದಳು, ಆಮ್ಯಾಲ ಹೋಗ್ರಿ ಅಂದಳು.”

ಅಪ್ಪ ಮಂಚ ತಂದು ಬೇವಿನ ನೆರಳಿಗೆ ಹಾಕಿದ.

ಅವರು ಭಾಲ್ಕಿಯಲ್ಲಿದ್ದ ತಮ್ಮ ಕುಲದವರ ಒಂದು ಮನೆಯಲ್ಲಿ ಇಳಿದುಕೊಂಡರು. ದಿನಾ ಬೆಳಿಗ್ಗೆ ಅವನು ಅವಳನ್ನು ಹೊತ್ತು ತರುತ್ತಿದ್ದ, ಬಿಸಿಲೇರುವ ಮೊದಲು ಹೊತ್ತು ಒಯ್ಯುತ್ತಿದ್ದ. ಎಲ್ಲಿಗೆ ಹೋಗುತ್ತಾರೆ ಎಂಬುದು ಆ ಮನೆಯವರಿಗೆ ಗೊತ್ತಾಗಲು ತಡವಾಗಲಿಲ್ಲ. ಗೊತ್ತಾದ ದಿನ ಗಂಟು ಹೊರಗಿಟ್ಟರು. ಅವ್ವ ನಮ್ಮ ಮನೆಯ ಹಿಂದಿನ ಕಟ್ಟಿಗೆ ಕೋಣೆಯನ್ನು ಗುಡಿಸಿ ಸಾರಿಸಿ ಕೊಟ್ಟಳು. ಅವನು ಮೂರು ಕಲ್ಲಿಟ್ಟು ತಾನೇ ರೊಟ್ಟಿ ಸುಟ್ಟುಕೊಳ್ಳುತ್ತಿದ್ದ. ಮೊದಲ ಮಳೆ ಬಂದು ಅವನ ಒಲೆ ಆರಿದ ದಿನ ಅವ್ವ ಒಳಗಿನಿಂದ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದು ಕೊಟ್ಟಳು. ಅವನು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿದ. ಹೆಂಡತಿ ಆಗಲೇ ಬಲಗೈಯಿಂದ ಮುರಿದು ತಿನ್ನುತ್ತಿದ್ದಳು. ಅವನೂ ತಿಂದ.

ಅಂಗಳವೇ ನನ್ನ ವ್ಯಾಯಾಮಶಾಲೆಯಾಯಿತು. ಉಸುಕು ತುಂಬಿದ ಚೀಲ ಪಾದಕ್ಕೆ ಆಸರೆಯಾಯಿತು. ಬೇವಿನ ಕೊಂಬೆಗೆ ಹಗ್ಗ ಕಟ್ಟಿ, ಬಲಗೈಯಿಂದ ಎಳೆದರೆ ಎಡಗೈ ಮೇಲೇಳುವಂತೆ ಮಾಡಿದೆ. ಎದ್ದು ನಿಲ್ಲುವುದನ್ನು ಕಲಿಸುವಾಗ ಅವಳ ಎಡ ಮೊಣಕಾಲನ್ನು ನನ್ನ ಎರಡು ಮೊಣಕಾಲುಗಳ ನಡುವೆ ಬಿಗಿಹಿಡಿದು, ಸೊಂಟದಲ್ಲಿ ಕೈ ಕೊಟ್ಟು, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಲ್ಲಬೇಕು. ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. “ಭಾರ ಎಡಕ್ಕ ಹಾಕು. ಕಾಲಿಗಿ ಹೇಳು ನಿಂದ್ರು ಅಂತ,” ಅನ್ನುತ್ತಿದ್ದೆ. ಅವಳು ಹಲ್ಲು ಕಚ್ಚಿ ಹೇಳುತ್ತಿದ್ದಳು, ಬಾಯಿಬಿಟ್ಟೇ, ಮೊಂಡು ಕುರಿಮರಿಗೆ ಗದರಿಸುವ ಹಾಗೆ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕೂಸು ಯಾರ ಯಾರದೋ ಮಡಿಲಲ್ಲಿರುತ್ತಿತ್ತು.

ಕಾಲು ಬಂತು. ಮೊದಲು ತೊಡೆ, ಆಮೇಲೆ ಮೊಣಕಾಲು. ಪಾದದ ತುದಿ ಮಾತ್ರ ನೆಲಕ್ಕೆ ಎಳೆಯುತ್ತಲೇ ಇತ್ತು. ಅಪ್ಪ ಗ್ಯಾಂಗಿನ ಕೆಲಸದ ಒಂದು ಗಟ್ಟಿ ಬಿದಿರನ್ನು ಅವಳ ಎತ್ತರಕ್ಕೆ ಕಡಿದು ಕೊಟ್ಟ. ಅದನ್ನು ಊರಿಕೊಂಡು ಒಂದು ಬೆಳಿಗ್ಗೆ ಅಂಗಳದ ಈ ಕಡೆಯಿಂದ ಆ ಕಡೆಗೆ ನಡೆದುಹೋದಳು. ಗಂಡ ಎದ್ದು ಹಿಂದೆ ಹಿಂದೆ ಹೋದ, ಬಿದ್ದರೆ ಹಿಡಿಯಲು. ಅವಳು ಬೀಳಲಿಲ್ಲ. ಗೋಡೆ ಮುಟ್ಟಿ ಅಲ್ಲೇ ನಿಂತು ಅತ್ತಳು.

ಕೈ ಬರಲಿಲ್ಲ. ಜೋತುಬಿದ್ದದ್ದು ಈಗ ನಿಧಾನವಾಗಿ ಬಿಗಿದು, ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಒಂದು ದಿನ ಬೆರಳು ಬಿಡಿಸುತ್ತಿದ್ದಾಗ ಅವಳು ನೇರವಾಗಿ ಕೇಳಿದಳು.

“ಖರೇ ಹೇಳಕ್ಕಾ. ಕೈ ಬರ್ತದೇನ?”

ಧೈರ್ಯ ಹೇಳುವುದು ಸುಲಭವಿತ್ತು. ವಾರ್ಡಿನಲ್ಲಿ ನಾವೆಲ್ಲ ಹಾಗೆ ಹೇಳುವುದನ್ನು ಕಲಿತಿದ್ದೆವು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ನನಗ ಗೊತ್ತಿಲ್ಲವ್ವಾ. ಇಷ್ಟು ದಿನಕ್ಕ ಒಂದ್ ಬೆರಳರೆ ಅಲುಗಬೇಕಾಗಿತ್ತು. ಬಹುಶಃ ಬರಂಗಿಲ್ಲ. ಆದ್ರ ಬಿಗೀಲಾರದಾಂಗ ನೋಡ್ಕೋಬೇಕು, ಇಲ್ಲಂದ್ರ ನೋವಾಗ್ತದ,” ಅಂದೆ.

ಅವಳು ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. “ಬಗಲಾಗ ಕೂಸು ಹ್ಯಾಂಗ ಹಿಡೀಲಿ ಹಂಗಾರ?” ಅಂದಳು. ಆ ದಿನದಿಂದ ಅದನ್ನೇ ಕಲಿಯತೊಡಗಿದೆವು. ಹಳೆಯ ಸೀರೆಯನ್ನು ಭುಜದಿಂದ ಸೊಂಟಕ್ಕೆ ಸುತ್ತಿ, ಕೂಸನ್ನು ಅದರೊಳಗೆ ಕೂರಿಸಿ, ಒಂದೇ ಕೈಯಿಂದ ಹಲ್ಲಿನ ಸಹಾಯದಿಂದ ಗಂಟು ಹಾಕುವುದು. ಪುಸ್ತಕದಲ್ಲಿ ಅದು ಇರಲಿಲ್ಲ. ನಾವಿಬ್ಬರೂ ಕೂಡಿ ಹುಡುಕಿಕೊಂಡದ್ದು. ಮೊದಲು ಕೂಸಿನ ಬದಲು ಜೋಳದ ಚೀಲ ಇಟ್ಟು ಕಲಿತಳು.

ಕಾಲೇಜು ಶುರುವಾಗುವ ಹೊತ್ತು ಬಂತು. ಅವರು ಊರಿಗೆ ಹೊರಟರು, ನಾನು ಮುಂಬೈಗೆ. ಸ್ಟೇಷನ್ನಿಗೆ ಅವಳು ಕೋಲು ಊರಿ ನಡೆದೇ ಬಂದಳು. ಊರಲ್ಲಿ ಅವರಿಗೆ ಏನು ಕಾದಿತ್ತೆಂಬುದು ನನಗೆ ಮುಂದೆ ತಿಳಿಯಿತು. ಕುಲದ ಹಿರಿಯರು ಅವರನ್ನು ಹೊರಗಿಟ್ಟರು. ಮಗನಿಗೂ ಸೊಸೆಗೂ ತಲೆಗೆ ನೀರು ಹಾಕಿಸಿ, ಕುಲದವರಿಗೆಲ್ಲ ಊಟ ಹಾಕಿದ ಮೇಲೆಯೇ ಅತ್ತೆ ಅವರನ್ನು ಮನೆಯೊಳಗೆ ಕರೆದುಕೊಂಡಳಂತೆ.

ಆ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ಪರೀಕ್ಷೆ ಹತ್ತಿರವಿದ್ದುದರಿಂದ ಅಪ್ಪ ನನಗೆ ತಿಳಿಸಲೇ ಇಲ್ಲ. ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪಾರ್ಶ್ವವಾಯುವಿನ ಬಗ್ಗೆ ಕೇಳಿದರು. ನಾನು ಔರಾದದ ಬಾಣಂತಿಯ ಬಗ್ಗೆ ಹೇಳಿದೆ. ಬಾಗಿಲ ಹೊರಗೆ ನಿಂತದ್ದನ್ನು ಹೇಳಲಿಲ್ಲ. ಫಲಿತಾಂಶ ಏನು ಎಂದು ಕೇಳಿದರು. “ನಡೆಯುತ್ತಾಳೆ. ಕೈ ಬರಲಿಲ್ಲ,” ಅಂದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಪದವಿ ಮುಗಿಸಿ ಬಂದಾಗ ಬೀದರಿನಲ್ಲಿ ನನ್ನಂಥವರಿಗೆ ಹುದ್ದೆಯೇ ಇರಲಿಲ್ಲ. ಹಿರಿಯ ಡಾಕ್ಟರು ನಿವೃತ್ತರಾಗಿದ್ದರು. ಕೆಲಸಕ್ಕಾಗಿ ಅಲೆಯುತ್ತಿದ್ದ ಆ ದಿನಗಳಲ್ಲಿ ಒಮ್ಮೆ ಔರಾದಕ್ಕೆ ಹೋಗಿ, ಅಲ್ಲಿಂದ ಆ ಹಳ್ಳಿಗೆ ನಡೆದೆ. ಯಾರೂ ಕರೆದಿರಲಿಲ್ಲ.

ಅತ್ತೆ ಕಟ್ಟೆಯ ಮೇಲೆ ಕೂತು ತೊಗರಿ ಕೇರುತ್ತಿದ್ದಳು. ತುಂಬ ಸೊರಗಿದ್ದಳು. ಗುರುತು ಹಿಡಿದು ಮೊರ ಕೆಳಗಿಟ್ಟಳು. “ದಿನಾ ಮಾಡ್ಲತೀನಿ ತಂಗಿ, ನೀ ಹೇಳಿದ್ಹಂಗ. ಒಂದ್ ದಿನಾ ಬಿಟ್ಟಿಲ್ಲ,” ಅಂದಳು. ಕೈ ಬರುವುದಿಲ್ಲ ಎಂದು ಸೊಸೆ ಅವಳಿಗೆ ಹೇಳಿಯೇ ಇರಲಿಲ್ಲವೋ, ಹೇಳಿದರೂ ಅವಳು ನಂಬಿರಲಿಲ್ಲವೋ, ನಾನು ಕೇಳಲಿಲ್ಲ.

ಒಳಗೆ ಬಾ ಅನ್ನಲಿಲ್ಲ. ಸೊಸೆಯನ್ನು ಕೂಗಿದಳು. ಅವಳು ಕೋಲಿಲ್ಲದೆ, ಎಡಗಾಲನ್ನು ಸ್ವಲ್ಪ ಎಳೆಯುತ್ತ, ಹೊಸ್ತಿಲು ದಾಟಿ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ತೋಳಿಗೆ ತೋಳು ತಾಗಿಸಿ. ಹಾದಿಯಲ್ಲಿ ಹೋಗುವವರು ನೋಡುತ್ತಿದ್ದರು, ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಅವಳ ಎಡಗೈಯನ್ನು ತೆಗೆದುಕೊಂಡು ಬೆರಳು ಬಿಡಿಸಿ ನೋಡಿದೆ. ಬಿಗಿದಿರಲಿಲ್ಲ. ಮೆತ್ತಗೆ ತೆರೆದುಕೊಂಡಿತು. ಅಂಗೈ ಸ್ವಚ್ಛವಾಗಿತ್ತು, ಉಗುರು ಕತ್ತರಿಸಿತ್ತು, ಎಣ್ಣೆ ಹಚ್ಚಿದ್ದ ಪಸೆ ಇನ್ನೂ ಇತ್ತು. ಮುದುಕಿ ನನ್ನ ಮುಖವನ್ನು ನೋಡುತ್ತಿದ್ದಳು.

“ಚಲೋ ಇಟ್ಟೀರಿ ದೊಡ್ಡವ್ವ,” ಅಂದೆ.

ಅಂದು ಕೂಸಾಗಿದ್ದ ಮಗಳು ಅಂಗಳದಿಂದ ಓಡಿ ಬಂದು ಹೊಸಬಳನ್ನು ಕಂಡು ನಾಚಿ ತಾಯಿಯ ಹಿಂದೆ ನಿಂತಿತು. ತಾಯಿ ಬಲಗೈಯಿಂದ ನನಗಾಗಿ ಶೇಂಗಾ ಸುಲಿಯುತ್ತಿದ್ದಳು. ಆ ಕೈ ಯಾವಾಗಲೂ ಕೆಲಸದಲ್ಲಿರುತ್ತಿತ್ತೇನೋ. ಹುಡುಗಿ ಸಹಜವಾಗಿ ತಾಯಿಯ ಎಡಗೈಯ ಮಡಚಿದ ಬೆರಳುಗಳ ನಡುವೆ ತನ್ನ ಬೆರಳು ತೂರಿಸಿ, ಅದನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಿತು.